ಶ್ವಾಸಕೋಶ ಕ್ಯಾನ್ಸರ್: ಸ್ಕ್ಯಾನಿಗೆ ಕಾಣದ ಉಳಿಕೆಯನ್ನು ಅಣುಮಟ್ಟದಲ್ಲಿ ಹುಡುಕುವ ಪರೀಕ್ಷೆಗೆ ಒಂದು ಕೈಪಿಡಿ

ಗಡ್ಡೆಯನ್ನು ಪೂರ್ತಿಯಾಗಿ ತೆಗೆಯಲಾಗಿದೆ, ಕತ್ತರಿಸಿದ ಅಂಚಿನಲ್ಲಿ ರೋಗವಿಲ್ಲ, ದುಗ್ಧಗ್ರಂಥಿಗಳಲ್ಲೂ ಏನೂ ಕಂಡಿಲ್ಲ ಎಂಬ ವರದಿ ಕೈಗೆ ಬಂದ ಮೇಲೂ ಶ್ವಾಸಕೋಶದ ಕ್ಯಾನ್ಸರ್ ಕೆಲವರಲ್ಲಿ ಎರಡು ಮೂರು ವರ್ಷಗಳೊಳಗೆ ಮೂಳೆಯಲ್ಲೋ ಮೆದುಳಿನಲ್ಲೋ ಯಕೃತ್ತಿನಲ್ಲೋ ಮರಳಿ ಕಾಣಿಸಿಕೊಳ್ಳುತ್ತದೆ. ಗಡ್ಡೆಯ ಗಾತ್ರ, ದುಗ್ಧಗ್ರಂಥಿ ಮತ್ತು ಹರಡುವಿಕೆಯನ್ನು ನೋಡಿ ಮಾಡುವ ಟಿಎನ್‌ಎಂ ಹಂತನಿರ್ಣಯದ ಎಂಟನೆಯ ಆವೃತ್ತಿಗಾಗಿ ಸಂಗ್ರಹಿಸಿದ ಅಂತಾರಾಷ್ಟ್ರೀಯ ಮಾಹಿತಿಯ ಪ್ರಕಾರ ಐದು ವರ್ಷ ಬದುಕುಳಿಯುವವರ ಪ್ರಮಾಣ 1ಎ1 ಹಂತದಲ್ಲಿ ಶೇ 92, 1ಬಿ ಹಂತದಲ್ಲಿ ಶೇ 68, 2ಬಿ ಹಂತದಲ್ಲಿ ಶೇ 53 ಮತ್ತು 3ಎ ಹಂತದಲ್ಲಿ ಶೇ 36. ಈ ಸಾವುಗಳೆಲ್ಲವೂ ಮರುಕಳಿಕೆಯಿಂದಲೇ ಆದವಲ್ಲ. ಆದರೆ ಬಹುಪಾಲಿಗೆ ಕಾರಣ, ಶಸ್ತ್ರಚಿಕಿತ್ಸೆಯ ದಿನಕ್ಕೆ ಮೊದಲೇ ಕೆಲವು ಕ್ಯಾನ್ಸರ್ ಜೀವಕೋಶಗಳು ಗಡ್ಡೆಯನ್ನು ಬಿಟ್ಟು ಬೇರೆಡೆ ನೆಲೆಯೂರಿರುವುದು. ಒಂದು ಘನ ಸೆಂಟಿಮೀಟರಿನಷ್ಟು ಗಡ್ಡೆಯಲ್ಲೇ ಹತ್ತಾರು ಕೋಟಿ ಜೀವಕೋಶಗಳಿರುವುದರಿಂದ, ಸಿಟಿ ಅಥವಾ ಪೆಟ್-ಸಿಟಿಯಲ್ಲಿ ಏನೂ ಕಾಣಲಿಲ್ಲವೆಂದರೆ ದೇಹದಲ್ಲಿ ಏನೂ ಇಲ್ಲವೆಂದು ಅರ್ಥವಾಗುವುದಿಲ್ಲ.

ಹೀಗೆ ಅಡಗಿರುವ ರೋಗವನ್ನು ಡಿಎನ್‌ಎ ಅಥವಾ ಆರ್‌ಎನ್‌ಎ ಸುಳಿವಿನಿಂದ ಪತ್ತೆಮಾಡುವ ಪರೀಕ್ಷೆಗಳು ಈಗ ಭಾರತದ ನಗರಗಳಲ್ಲೂ ದೊರೆಯುತ್ತಿವೆ. ಸ್ಮಾಲ್ ಸೆಲ್ ಅಲ್ಲದ ಬಗೆಯ ಶ್ವಾಸಕೋಶ ಕ್ಯಾನ್ಸರಿಗೆ, ಅಂದರೆ ಒಟ್ಟು ರೋಗಿಗಳಲ್ಲಿ ಸುಮಾರು ಶೇ 85ರಷ್ಟು ಮಂದಿಗೆ ಇರುವ ಬಗೆಗೆ, ಗುಣಪಡಿಸುವ ಉದ್ದೇಶದಿಂದ ಒಂದರಿಂದ ಮೂರನೆಯ ಹಂತದಲ್ಲಿ ಚಿಕಿತ್ಸೆ ಪಡೆದವರನ್ನೂ ಅವರ ಮನೆಯವರನ್ನೂ ಗಮನದಲ್ಲಿಟ್ಟುಕೊಂಡು ಈ ಬರಹವನ್ನು ಸಿದ್ಧಪಡಿಸಲಾಗಿದೆ. ಮಾದರಿಗಳನ್ನು ಸಂಗ್ರಹಿಸಿ ಕಳುಹಿಸುವ ಆಸ್ಪತ್ರೆಯ ಕಿರಿಯ ಸಿಬ್ಬಂದಿಗೂ ಇದರ ಕೆಲವು ಭಾಗಗಳು ನೆರವಾಗಬಹುದು. ಚಿಕಿತ್ಸೆಯ ನಿರ್ಧಾರವನ್ನು ಮಾತ್ರ ರೋಗಿಯನ್ನು ಕಣ್ಣಾರೆ ನೋಡಿರುವ ವೈದ್ಯರೇ ಕೈಗೊಳ್ಳಬೇಕು.

ಎಲ್ಲಿ ಹುಡುಕುತ್ತಾರೆ

ಮೊದಲಿಗೆ, ವೈದ್ಯರು ಹೇಳುತ್ತಿರುವುದು ಯಾವ ಪರೀಕ್ಷೆ ಎಂಬುದನ್ನು ತಿಳಿದುಕೊಳ್ಳಬೇಕು. ಹುಡುಕುವ ಜಾಗಗಳು ಮುಖ್ಯವಾಗಿ ಎರಡು: ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ದುಗ್ಧಗ್ರಂಥಿ, ಮತ್ತು ರಕ್ತ.

ದುಗ್ಧಗ್ರಂಥಿಯಲ್ಲಿ ಹುಡುಕುವ ಪ್ರಯತ್ನ ಹಳೆಯದು. ಪೆಥಾಲಜಿ ವಿಭಾಗದಲ್ಲಿ ಪ್ರತಿಯೊಂದು ಗ್ರಂಥಿಯಿಂದ ಕೆಲವೇ ಮೈಕ್ರಾನ್ ದಪ್ಪದ ಒಂದೆರಡು ಪದರಗಳನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಉಳಿದದ್ದು ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕಿನೊಳಗೇ ಇರುತ್ತದೆ. ಹಾಗಾಗಿ ಚಿಕ್ಕ ಗುಂಪುಗಳು ಕಣ್ಣಿಗೆ ಬೀಳದೆ ಹೋಗುವುದು ಸಹಜ. ಅಮೆರಿಕದ ಜ಼ಡ್0040 ಎಂಬ ಅಧ್ಯಯನದಲ್ಲಿ, ಸಾಮಾನ್ಯ ಪರೀಕ್ಷೆಯಲ್ಲಿ ಶುದ್ಧವೆನಿಸಿದ್ದ ಗ್ರಂಥಿಗಳನ್ನು ಸೈಟೊಕೆರಾಟಿನ್ ಎಂಬ ಪ್ರೋಟೀನನ್ನು ಗುರುತಿಸುವ ಬಣ್ಣಹಚ್ಚುವಿಕೆಯಿಂದ ಮತ್ತೆ ನೋಡಿದಾಗ ಶೇ 22.4ರಷ್ಟು ರೋಗಿಗಳಲ್ಲಿ ಅಡಗಿದ್ದ ಜೀವಕೋಶಗಳು ಸಿಕ್ಕವು. ಪಕ್ಕೆಲುಬಿನಿಂದ ತೆಗೆದ ಅಸ್ಥಿಮಜ್ಜೆಯಲ್ಲಿ ಸಿಕ್ಕದ್ದು ಶೇ 8ರಷ್ಟು ಜನರಲ್ಲಿ. 2011ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಗ್ರಂಥಿಯ ಸುಳಿವು ಮುಂದಿನ ಬದುಕುಳಿಯುವಿಕೆಯೊಂದಿಗೆ ಸಂಬಂಧ ತೋರಿಸಿತು, ಅಸ್ಥಿಮಜ್ಜೆಯದ್ದು ತೋರಿಸಲಿಲ್ಲ. ಅದಕ್ಕೂ ಮೊದಲು, 2008ರಲ್ಲಿ, ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯ ಸಂಶೋಧಕರು ಒಂದನೆಯ ಹಂತದ ರೋಗಿಗಳ ಗಡ್ಡೆ ಮತ್ತು ಗ್ರಂಥಿಗಳಲ್ಲಿ ಪಿ16, ಸಿಡಿಎಚ್13, ಆರ್‌ಎಎಸ್‌ಎಸ್‌ಎಫ್1ಎ, ಎಪಿಸಿ ಎಂಬ ವಂಶವಾಹಿಗಳ ಮೀಥೈಲೀಕರಣವನ್ನು, ಅಂದರೆ ವಂಶವಾಹಿಯ ಕೆಲಸವನ್ನು ಅಡಗಿಸುವ ರಾಸಾಯನಿಕ ಗುರುತನ್ನು, ಪರಿಶೀಲಿಸಿದ್ದರು. ನಲವತ್ತು ತಿಂಗಳೊಳಗೆ ರೋಗ ಮರುಕಳಿಸಿದ್ದ 51 ಮಂದಿಯನ್ನು ಮರುಕಳಿಸದ 116 ಮಂದಿಯೊಡನೆ ಹೋಲಿಸಿದಾಗ, ಸೂಕ್ಷ್ಮದರ್ಶಕಕ್ಕೆ ಶುದ್ಧವಾಗಿ ಕಂಡ ಗ್ರಂಥಿಗಳಲ್ಲೂ ಈ ಗುರುತುಗಳಿದ್ದರೆ ಮರುಕಳಿಕೆಯ ಸಂಭವ ಹೆಚ್ಚು ಎಂಬುದು ಗೊತ್ತಾಯಿತು.

ಗ್ರಂಥಿಯನ್ನು ಅರೆದು ಅದರಲ್ಲಿನ ಸಿಇಎ ಅಥವಾ ಸೈಟೊಕೆರಾಟಿನ್ 19 ಎಂಬ ಪ್ರೋಟೀನುಗಳ ಆರ್‌ಎನ್‌ಎಯನ್ನು ಪಿಸಿಆರ್ (ಅಣುಗಳ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಮೂಲಕ ಹೆಚ್ಚಿಸಿ ಅಳೆಯುವ ವಿಧಾನವೂ ಇದೆ. ಅದರ ತೊಡಕೆಂದರೆ, ಆರೋಗ್ಯವಂತ ಜೀವಕೋಶಗಳೂ ಅತ್ಯಲ್ಪ ಪ್ರಮಾಣದಲ್ಲಿ ಇದೇ ಆರ್‌ಎನ್‌ಎಯನ್ನು ತಯಾರಿಸುತ್ತವೆ. ಜೊತೆಗೆ ಸೈಟೊಕೆರಾಟಿನ್ 19ನ್ನು ಹೋಲುವ ನಿಷ್ಕ್ರಿಯ ಪ್ರತಿಗಳು ಡಿಎನ್‌ಎಯಲ್ಲೇ ಇರುವುದರಿಂದ ಇಲ್ಲದ ರೋಗವೂ ಇದೆಯೆಂಬ ಉತ್ತರ ಬರಬಹುದು. ಈ ಕಾರಣದಿಂದ ಗ್ರಂಥಿಯ ಅಣುಪರೀಕ್ಷೆ ದಿನನಿತ್ಯದ ಚಿಕಿತ್ಸೆಯಲ್ಲಿ ನೆಲೆಯೂರಲಿಲ್ಲ. ರೋಗಿಯ ಕಡೆಯವರು ಪೆಥಾಲಜಿ ವರದಿಯಲ್ಲಿ ಎರಡು ಸಂಗತಿಗಳನ್ನು ನೋಡಿಕೊಂಡರೆ ಸಾಕು: ಎಷ್ಟು ಗ್ರಂಥಿಗಳನ್ನು, ಯಾವ ಯಾವ ಸ್ಥಾನಗಳಿಂದ ತೆಗೆದು ಪರೀಕ್ಷಿಸಲಾಗಿದೆ, ಮತ್ತು ಸಿಕ್ಕಿದ್ದು 0.2 ಮಿಲಿಮೀಟರ್ ಮೀರದ ಒಂಟಿ ಜೀವಕೋಶಗಳೋ, 2 ಮಿಲಿಮೀಟರ್‌ವರೆಗಿನ ಸೂಕ್ಷ್ಮ ಹರಡುವಿಕೆಯೋ. ಮೂರೋ ನಾಲ್ಕೋ ಗ್ರಂಥಿಗಳನ್ನಷ್ಟೇ ತೆಗೆದು 'ಶುದ್ಧ' ಎಂದಿರುವ ವರದಿಗೆ, ಎದೆಯ ನಡುಭಾಗದ ಸ್ಥಾನಗಳೂ ಸೇರಿದಂತೆ ಕ್ರಮವಾಗಿ ತೆಗೆದು ನೋಡಿದ ವರದಿಯಷ್ಟು ಬೆಲೆಯಿಲ್ಲ. ಇದು ಯಾವ ದುಬಾರಿ ಪರೀಕ್ಷೆಗಿಂತಲೂ ಮೊದಲು ಕೇಳಬೇಕಾದ ಪ್ರಶ್ನೆ.

ರಕ್ತದಲ್ಲಿ ಇಡೀ ಕ್ಯಾನ್ಸರ್ ಜೀವಕೋಶಗಳನ್ನು ಎಣಿಸುವ ವಿಧಾನ ಒಂದಿದೆ. ಸೆಲ್‌ಸರ್ಚ್ ಎಂಬ ಯಂತ್ರ 7.5 ಮಿಲಿಲೀಟರ್ ರಕ್ತದಲ್ಲಿ ಎಪ್‌ಕ್ಯಾಮ್ ಎಂಬ ಪ್ರೋಟೀನಿನ ಆಧಾರದಿಂದ ಅವುಗಳನ್ನು ಹಿಡಿಯುತ್ತದೆ. ಶ್ವಾಸಕೋಶ ಕ್ಯಾನ್ಸರಿನ ಆರಂಭದ ಹಂತಗಳಲ್ಲಿ ಇಂತಹ ಜೀವಕೋಶಗಳು ಬಹಳ ವಿರಳ. ಇದ್ದರೂ ಅನೇಕ ವೇಳೆ ಆ ಪ್ರೋಟೀನನ್ನು ಕಳೆದುಕೊಂಡಿರುತ್ತವೆ. ಆದ್ದರಿಂದ ಈಗ ಗಮನವೆಲ್ಲ ಇರುವುದು ಸಾಯುವ ಕ್ಯಾನ್ಸರ್ ಜೀವಕೋಶಗಳು ರಕ್ತಕ್ಕೆ ಬಿಡುವ ಡಿಎನ್‌ಎ ತುಣುಕುಗಳ ಮೇಲೆ. ವೈದ್ಯರು ಇದನ್ನು ಸಿಟಿ-ಡಿಎನ್‌ಎ ಎನ್ನುತ್ತಾರೆ; ಸಿಟಿ ಸ್ಕ್ಯಾನಿಗೂ ಇದಕ್ಕೂ ಸಂಬಂಧವಿಲ್ಲ. ಚಿಕಿತ್ಸೆಯ ನಂತರ ಈ ರೀತಿ ಸುಳಿವು ನೀಡುವ ಉಳಿಕೆ ರೋಗಕ್ಕೆ ಎಂಆರ್‌ಡಿ ಎಂಬ ಹೆಸರಿದೆ.

ರಕ್ತ ಕೊಡುವ ಮೊದಲು ಇತ್ಯರ್ಥವಾಗಬೇಕಾದದ್ದು

ಫಲಿತಾಂಶ ಹೇಗೇ ಬಂದರೂ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ವೈದ್ಯರನ್ನು ನೇರವಾಗಿ ಕೇಳಬೇಕು. ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದಿದ್ದರೆ ಪರೀಕ್ಷೆಯನ್ನು ಮುಂದೂಡುವುದರಲ್ಲಿ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಮತ್ತು ಮೂರನೆಯ ಹಂತದವರಿಗೆ ಶಸ್ತ್ರಚಿಕಿತ್ಸೆಯ ನಂತರ ಪ್ಲಾಟಿನಂ ಆಧಾರಿತ ಕೀಮೋ ನೀಡುವುದು ರೂಢಿ. ಅದರಿಂದ ಐದು ವರ್ಷದ ಬದುಕುಳಿಯುವಿಕೆ ಸುಮಾರು ಶೇ 5ರಷ್ಟು ಹೆಚ್ಚುತ್ತದೆ. ಎಂದರೆ ಕೀಮೋ ಪಡೆಯುವ ಹೆಚ್ಚಿನವರು ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗಿರುತ್ತಾರೆ, ಇಲ್ಲವೇ ಕೀಮೋ ಪಡೆದರೂ ರೋಗ ಮರಳುತ್ತದೆ. ಯಾರಿಗೆ ನಿಜವಾಗಿ ಬೇಕೆಂದು ಮೊದಲೇ ಗುರುತಿಸುವ ಆಸೆಯೇ ಈ ಪರೀಕ್ಷೆಗಳ ಹಿಂದಿನ ಪ್ರೇರಣೆ. ಆದರೆ ರಕ್ತದಲ್ಲಿ ಸುಳಿವು ಸಿಗಲಿಲ್ಲವೆಂದು ಕೀಮೋ ಕೈಬಿಟ್ಟರೆ ಸುರಕ್ಷಿತವೆಂದು ಶ್ವಾಸಕೋಶ ಕ್ಯಾನ್ಸರಿನಲ್ಲಿ ಇನ್ನೂ ಸಾಬೀತಾಗಿಲ್ಲ. ಸುಳಿವು ಸಿಕ್ಕವರಿಗೆ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ವಿರುದ್ಧ ಬಳಸುವ ಚಿಕಿತ್ಸೆ) ಕೊಟ್ಟರೆ ಆಯುಷ್ಯ ಹೆಚ್ಚುವುದೇ ಎಂದು ನೋಡಲು ಹೊರಟಿದ್ದ ಮರ್ಮೇಯ್ಡ್-1 ಮತ್ತು ಮರ್ಮೇಯ್ಡ್-2 ಪ್ರಯೋಗಗಳಲ್ಲಿ ರೋಗಿಗಳ ಸೇರ್ಪಡೆಯನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಯುರೋಪಿನ ಕ್ಯಾನ್ಸರ್ ತಜ್ಞರ ಸಂಘವಾದ ಎಸ್ಮೊ 2022ರ ಶಿಫಾರಸಿನಲ್ಲಿ ಉಳಿಕೆ ರೋಗದ ಪತ್ತೆಗಾಗಿ ಈ ಪರೀಕ್ಷೆಯನ್ನು ಪ್ರಯೋಗಗಳ ಹೊರಗೆ ದೈನಂದಿನ ಚಿಕಿತ್ಸೆಯಲ್ಲಿ ಬಳಸುವುದನ್ನು ಸಮರ್ಥಿಸಲಿಲ್ಲ.

ಇದಕ್ಕಿಂತ ತುರ್ತಾದ ಅಣುಪರೀಕ್ಷೆ ಇನ್ನೊಂದಿದೆ, ಅದನ್ನು ಗಡ್ಡೆಯ ಮೇಲೆಯೇ ಮಾಡಬೇಕು. ಇಜಿಎಫ್‌ಆರ್ ಎಂಬ ವಂಶವಾಹಿಯಲ್ಲಿ ರೂಪಾಂತರ (ಡಿಎನ್‌ಎ ಬದಲಾವಣೆ) ಇರುವ 1ಬಿಯಿಂದ 3ಎ ಹಂತದವರಿಗೆ ಶಸ್ತ್ರಚಿಕಿತ್ಸೆಯ ನಂತರ ಮೂರು ವರ್ಷ ಆಸಿಮರ್ಟಿನಿಬ್ ಕೊಟ್ಟ ಅಡೋರಾ ಪ್ರಯೋಗದಲ್ಲಿ ಐದು ವರ್ಷ ಬದುಕುಳಿದವರು ಶೇ 88. ಔಷಧವಿಲ್ಲದ ಗುಂಪಿನಲ್ಲಿ ಶೇ 78. ಎಎಲ್‌ಕೆ ಎಂಬ ವಂಶವಾಹಿಯಲ್ಲಿ ಬದಲಾವಣೆಯಿರುವವರಿಗೆ ಅಲೆಕ್ಟಿನಿಬ್ ಎರಡು ವರ್ಷ ಕೊಡುವುದರಿಂದ ಮರುಕಳಿಕೆ ಗಣನೀಯವಾಗಿ ಇಳಿಯುತ್ತದೆಂದು 2024ರಲ್ಲಿ ವರದಿಯಾಯಿತು. ಈ ಔಷಧಗಳು ರಕ್ತದಲ್ಲಿ ಸುಳಿವು ಇದ್ದರೂ ಇಲ್ಲದಿದ್ದರೂ ಅನ್ವಯಿಸುತ್ತವೆ. ಹಣ ಒಂದೇ ಪರೀಕ್ಷೆಗೆ ಸಾಲುವಂತಿದ್ದರೆ ಗಡ್ಡೆಯ ಇಜಿಎಫ್‌ಆರ್, ಎಎಲ್‌ಕೆ ಪರೀಕ್ಷೆಯೇ ಮೊದಲಾಗಬೇಕು. ರಕ್ತದ ಪರೀಕ್ಷೆಯ ವೆಚ್ಚವನ್ನು ವಿಮಾ ಕಂಪನಿ ಭರಿಸುತ್ತದೆಯೇ ಎಂಬುದನ್ನು ಬರಹದಲ್ಲೇ ಕೇಳಿ ಪಡೆದುಕೊಳ್ಳಬೇಕು; ಒಮ್ಮೆಗೆ ಮುಗಿಯುವ ವೆಚ್ಚ ಇದಲ್ಲ.

ಗಡ್ಡೆಯ ಬ್ಲಾಕನ್ನು ಕಾಯ್ದಿರಿಸುವುದು

ರಕ್ತದ ಪರೀಕ್ಷೆಯಲ್ಲಿ ಎರಡು ದಾರಿಗಳಿವೆ. ಒಂದರಲ್ಲಿ ಗಡ್ಡೆಯ ಮಾಹಿತಿಯಿಲ್ಲದೆ, ಸಾಮಾನ್ಯವಾಗಿ ಕ್ಯಾನ್ಸರಿನಲ್ಲಿ ಬದಲಾಗುವ ವಂಶವಾಹಿಗಳ ಸಿದ್ಧಪಟ್ಟಿಯನ್ನು ರಕ್ತದಲ್ಲಿ ನೋಡುತ್ತಾರೆ. ಇನ್ನೊಂದರಲ್ಲಿ ಮೊದಲು ರೋಗಿಯ ಗಡ್ಡೆಯನ್ನೇ ಓದಿ, ಅದಕ್ಕೇ ವಿಶಿಷ್ಟವಾದ ಹತ್ತಾರು ಅಥವಾ ನೂರಾರು ರೂಪಾಂತರಗಳನ್ನು ಆಯ್ದು, ಆ ರೋಗಿಗಷ್ಟೇ ಹೊಂದುವ ಪರೀಕ್ಷೆಯನ್ನು ತಯಾರಿಸುತ್ತಾರೆ. ಸಿಗ್ನಾಟೆರಾ ಎಂಬ ಪರೀಕ್ಷೆ ಮೊದಲಿಗೆ 16 ರೂಪಾಂತರಗಳನ್ನು ಹಿಂಬಾಲಿಸುವಂತೆ ರೂಪಿತವಾಗಿತ್ತು. ನೆಕ್ಸ್ಟ್ ಪರ್ಸನಲ್ ಎಂಬುದು ಸುಮಾರು 1,800ರವರೆಗೆ ಹಿಂಬಾಲಿಸುತ್ತದೆ. ಎರಡನೆಯ ದಾರಿ ಹೆಚ್ಚು ಸೂಕ್ಷ್ಮ, ಆದರೆ ಮೊದಲ ಬಾರಿಗೆ ಕೆಲವು ವಾರಗಳು ಹಿಡಿಯುತ್ತವೆ ಮತ್ತು ಗಡ್ಡೆಯ ಸಾಕಷ್ಟು ಅಂಶವಿರುವ ಪ್ಯಾರಾಫಿನ್ ಬ್ಲಾಕ್ ಬೇಕೇ ಬೇಕು. ಇಜಿಎಫ್‌ಆರ್‌ನಂತಹ ಒಂದೇ ರೂಪಾಂತರವನ್ನು ಡಿಜಿಟಲ್ ಪಿಸಿಆರ್‌ನಿಂದ ನೋಡುವ ಅಗ್ಗದ ಪರೀಕ್ಷೆಗಳು ಮುಂದುವರಿದ ರೋಗಕ್ಕೆ ಉಪಯುಕ್ತವಾಗಿದ್ದರೂ, ಶಸ್ತ್ರಚಿಕಿತ್ಸೆಯ ನಂತರದ ಸೂಕ್ಷ್ಮ ಉಳಿಕೆಯನ್ನು ಹಿಡಿಯುವಷ್ಟು ಶಕ್ತವಲ್ಲ.

ಇಲ್ಲಿ ಅನೇಕರು ಎಡವುವ ಒಂದು ಸಂದರ್ಭವಿದೆ. ಈಚೆಗೆ ಹಲವರಿಗೆ ಶಸ್ತ್ರಚಿಕಿತ್ಸೆಗೆ ಮೊದಲೇ ಕೀಮೋ ಮತ್ತು ಇಮ್ಯುನೊಥೆರಪಿ ಕೊಡುತ್ತಾರೆ. ಔಷಧ ಚೆನ್ನಾಗಿ ಕೆಲಸ ಮಾಡಿದರೆ ತೆಗೆದ ಭಾಗದಲ್ಲಿ ಜೀವಂತ ಕ್ಯಾನ್ಸರ್ ಉಳಿದಿರುವುದೇ ಇಲ್ಲ. ಅದು ಶುಭಸೂಚನೆಯೇ, ಆದರೆ ಓದಲು ಗಡ್ಡೆಯೂ ಉಳಿದಿರುವುದಿಲ್ಲ. ಆಗ ಚಿಕಿತ್ಸೆಗೆ ಮುಂಚಿನ ಬಯಾಪ್ಸಿಯ ಚಿಕ್ಕ ಚೂರೇ ಆಧಾರ. ಹಾಗಾಗಿ ಆ ಬಯಾಪ್ಸಿಯನ್ನು ಮಾಡಿಸಿದ ಆಸ್ಪತ್ರೆಯ ಹೆಸರು, ಬ್ಲಾಕಿನ ಸಂಖ್ಯೆ ಮತ್ತು ದಿನಾಂಕವನ್ನು ಕಡತದಲ್ಲಿ ಬರೆದಿಟ್ಟುಕೊಳ್ಳಬೇಕು. ಬೇರೆ ಪರೀಕ್ಷೆಗಳಿಗಾಗಿ ಪದರಗಳನ್ನು ಕತ್ತರಿಸುವಾಗ ಪೂರ್ತಿ ಮುಗಿಸದಂತೆ ಪೆಥಾಲಜಿ ವಿಭಾಗದವರನ್ನು ವೈದ್ಯರ ಮೂಲಕ ಕೋರಿಕೊಳ್ಳಬೇಕು.

ಗಡ್ಡೆಯ ಜೊತೆಗೆ ರೋಗಿಯ ಬಿಳಿ ರಕ್ತಕಣಗಳ ಡಿಎನ್‌ಎಯನ್ನೂ ಓದುವ ಪ್ರಯೋಗಾಲಯವನ್ನೇ ಆರಿಸಿಕೊಳ್ಳಬೇಕು. ವಯಸ್ಸಾದಂತೆ ರಕ್ತಕಣಗಳನ್ನು ಹುಟ್ಟಿಸುವ ಜೀವಕೋಶಗಳಲ್ಲೇ ಡಿಎನ್‌ಎಂಟಿ3ಎ, ಟಿಇಟಿ2, ಎಎಸ್‌ಎಕ್ಸ್‌ಎಲ್1, ಕೆಲವೊಮ್ಮೆ ಟಿಪಿ53 ವಂಶವಾಹಿಗಳಲ್ಲಿ ರೂಪಾಂತರಗಳು ಸೇರಿಕೊಳ್ಳುತ್ತವೆ. ಬಿಳಿ ರಕ್ತಕಣಗಳೊಂದಿಗೆ ಹೋಲಿಸದ ಸಿದ್ಧಪಟ್ಟಿಯ ಪರೀಕ್ಷೆ ಇವನ್ನೇ ಕ್ಯಾನ್ಸರಿನ ಉಳಿಕೆಯೆಂದು ವರದಿ ಮಾಡುವ ಅಪಾಯವಿದೆ. ಪ್ರಯೋಗಾಲಯಕ್ಕೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದರೆ, ಅದು ಈ ನಿರ್ದಿಷ್ಟ ಪರೀಕ್ಷೆಗೂ ಅನ್ವಯಿಸುತ್ತದೆಯೇ ಎಂದು ಕೇಳಬೇಕು.

ಯಾವಾಗ, ಯಾವ ಟ್ಯೂಬಿನಲ್ಲಿ

ಸಾಧ್ಯವಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲೇ ಒಂದು ಮಾದರಿ ಕೊಡುವುದು ಒಳ್ಳೆಯದು. ಗಡ್ಡೆ ದೇಹದಲ್ಲಿದ್ದಾಗಲೇ ರಕ್ತದಲ್ಲಿ ಸುಳಿವು ಸಿಗದಿದ್ದರೆ, ಗಡ್ಡೆ ತೆಗೆದ ಮೇಲೆ ಸುಳಿವಿಲ್ಲವೆಂಬ ಮಾತಿಗೆ ಹೆಚ್ಚಿನ ತೂಕವಿರುವುದಿಲ್ಲ. ಸ್ಕ್ವಾಮಸ್ ಮತ್ತು ಅಡೆನೊಕಾರ್ಸಿನೋಮಾ ಎಂಬವು ಸ್ಮಾಲ್ ಸೆಲ್ ಅಲ್ಲದ ಕ್ಯಾನ್ಸರಿನ ಎರಡು ಮುಖ್ಯ ಒಳಬಗೆಗಳು. ಲಂಡನ್ನಿನ ಟ್ರೇಸರ್‌ಎಕ್ಸ್ ಅಧ್ಯಯನದ 2017ರ ವರದಿಯಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಸ್ಕ್ವಾಮಸ್ ಬಗೆಯ 31 ರೋಗಿಗಳಲ್ಲಿ 30 ಮಂದಿಯ ರಕ್ತದಲ್ಲಿ ಸುಳಿವು ಸಿಕ್ಕಿತು; ಅಡೆನೊಕಾರ್ಸಿನೋಮಾದ 58 ಮಂದಿಯಲ್ಲಿ ಸಿಕ್ಕಿದ್ದು 11 ಮಂದಿಯಲ್ಲಿ ಮಾತ್ರ. 1,800 ರೂಪಾಂತರಗಳನ್ನು ಹಿಂಬಾಲಿಸುವ ಹೊಸ ವಿಧಾನದಿಂದ ಅಡೆನೊಕಾರ್ಸಿನೋಮಾದಲ್ಲೂ ಶೇ 81ರಷ್ಟು ಜನರಲ್ಲಿ ಸುಳಿವು ಸಿಕ್ಕಿತೆಂದು ಅದೇ ತಂಡದ 2025ರ ವರದಿ ಹೇಳುತ್ತದೆ. ಯಾವ ಬಗೆಯ ಕ್ಯಾನ್ಸರ್, ಯಾವ ಬಗೆಯ ಪರೀಕ್ಷೆ ಎಂಬುದರ ಮೇಲೆ ಉತ್ತರದ ನೆಚ್ಚಿಕೆ ಎಷ್ಟರಮಟ್ಟಿಗೆ ನಿಂತಿದೆಯೆಂಬುದು ಇದರಿಂದ ತಿಳಿಯುತ್ತದೆ.

ರಕ್ತದಲ್ಲಿ ಈ ಡಿಎನ್‌ಎ ಸುಮಾರು ಎರಡು ಗಂಟೆಯೊಳಗೇ ಅರ್ಧಕ್ಕಿಳಿಯುತ್ತದೆ. ಆ ಲೆಕ್ಕದಲ್ಲಿ ಗಡ್ಡೆ ತೆಗೆದ ಒಂದೆರಡು ದಿನಗಳಲ್ಲೇ ಪರೀಕ್ಷೆ ಮಾಡಬಹುದಿತ್ತು. ಆದರೆ ಶಸ್ತ್ರಚಿಕಿತ್ಸೆಯ ಗಾಯ ಮಾಯುವಾಗ ಆರೋಗ್ಯವಂತ ಅಂಗಾಂಶದ ಡಿಎನ್‌ಎ ವಾರಗಟ್ಟಲೆ ರಕ್ತಕ್ಕೆ ಸೇರುತ್ತಿರುವುದರಿಂದ, ಕ್ಯಾನ್ಸರಿನ ವಿರಳ ತುಣುಕುಗಳು ಅದರಲ್ಲಿ ಮುಳುಗಿಹೋಗುತ್ತವೆ. ಆದ್ದರಿಂದ ಮೂರು ನಾಲ್ಕು ವಾರಗಳಾದ ಮೇಲೆ, ಕೀಮೋ ಆರಂಭಿಸುವ ಮೊದಲು ಮಾದರಿ ತೆಗೆಯುವುದು ಸೂಕ್ತ. ಕೀಮೋ ನಡೆಯುತ್ತಿರುವಾಗ ಸುಳಿವು ತಾತ್ಕಾಲಿಕವಾಗಿ ಅಡಗಬಹುದು. ಜ್ವರ, ಸೋಂಕು ಇರುವಾಗ ಒಟ್ಟು ಡಿಎನ್‌ಎ ಏರುತ್ತದೆ. ಇಂತಹ ದಿನಗಳನ್ನು ತಪ್ಪಿಸಬೇಕು. ಆಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ ಮತ್ತೆ ನೋಡುತ್ತಾರೆ.

ಟ್ಯೂಬಿನ ಆಯ್ಕೆಯಲ್ಲಿ ಆಗುವ ತಪ್ಪನ್ನು ಮುಂದೆ ಯಾವ ಯಂತ್ರವೂ ಸರಿಪಡಿಸಲಾರದು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿರುವ ಟ್ಯೂಬು ಬೇಡ, ಏಕೆಂದರೆ ಹೆಪಾರಿನ್ ಪಿಸಿಆರ್‌ಗೆ ಅಡ್ಡಿಯಾಗುತ್ತದೆ. ಹೆಪ್ಪುಗಟ್ಟಿಸಿ ಸೀರಂ ತೆಗೆಯುವುದೂ ಬೇಡ, ಏಕೆಂದರೆ ಹೆಪ್ಪುಗಟ್ಟುವಾಗ ಬಿಳಿ ರಕ್ತಕಣಗಳು ಒಡೆದು ತಮ್ಮ ಡಿಎನ್‌ಎಯನ್ನು ಸುರಿಯುತ್ತವೆ. ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ರಾಸಾಯನಿಕವಾದ ಇಡಿಟಿಎ ಇರುವ ಟ್ಯೂಬಿನಲ್ಲಿ ತೆಗೆದರೆ ನಾಲ್ಕು ಗಂಟೆಯೊಳಗೆ ಪ್ಲಾಸ್ಮಾವನ್ನು ಬೇರ್ಪಡಿಸಬೇಕು: ಮೊದಲು ಸುಮಾರು 1,600 ಜಿ ವೇಗದಲ್ಲಿ ಹತ್ತು ನಿಮಿಷ ತಿರುಗಿಸಿ, ಮೇಲಿನ ದ್ರವವನ್ನು ಬಿಳಿ ಪದರ ಕದಡದಂತೆ ತೆಗೆದುಕೊಂಡು, ಅದನ್ನು 16,000 ಜಿಯಲ್ಲಿ ಮತ್ತೆ ಹತ್ತು ನಿಮಿಷ ತಿರುಗಿಸಿ, ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಬೀದರಿನಿಂದಲೋ ಕಾರವಾರದಿಂದಲೋ ಬೆಂಗಳೂರಿಗೆ ಕಳುಹಿಸುವುದಾದರೆ ಇದು ಆಗದ ಮಾತು. ಅಂತಹ ಕಡೆ ಜೀವಕೋಶ ಒಡೆಯದಂತೆ ತಡೆಯುವ ದ್ರಾವಣವಿರುವ ಸ್ಟ್ರೆಕ್ ಮಾದರಿಯ ಟ್ಯೂಬನ್ನು ಪ್ರಯೋಗಾಲಯದಿಂದ ಮುಂಚಿತವಾಗಿ ತರಿಸಿಕೊಂಡು, ಗುರುತಿನ ಗೆರೆಯವರೆಗೂ ರಕ್ತ ತುಂಬಿ, ಎಂಟು ಹತ್ತು ಬಾರಿ ಮೃದುವಾಗಿ ತಲೆಕೆಳಗು ಮಾಡಿ, ಕೋಣೆಯ ಉಷ್ಣತೆಯಲ್ಲೇ ಕಳುಹಿಸಬೇಕು. ಫ್ರಿಜ್ಜಿನಲ್ಲಿ ಅಥವಾ ಐಸ್ ಪ್ಯಾಕಿನೊಡನೆ ಇಡುವುದು, ಬಿಸಿಲಲ್ಲಿ ನಿಂತ ವಾಹನದಲ್ಲಿ ಬಿಡುವುದು ಎರಡೂ ಸಲ್ಲದು.

ಹತ್ತು ಮಿಲಿಲೀಟರಿನ ಎರಡು ಟ್ಯೂಬು ಕೇಳಿದರೆ ಒಂದೇ ಸಾಕೆಂದು ಚೌಕಾಸಿ ಮಾಡಬಾರದು. ಕಾರಣವನ್ನು ಸ್ಥೂಲವಾಗಿ ಹೀಗೆ ಲೆಕ್ಕ ಹಾಕಬಹುದು. ಇಪ್ಪತ್ತು ಮಿಲಿಲೀಟರ್ ರಕ್ತದಿಂದ ಸುಮಾರು ಎಂಟು ಮಿಲಿಲೀಟರ್ ಪ್ಲಾಸ್ಮಾ ಸಿಗುತ್ತದೆ. ಮಿಲಿಲೀಟರಿಗೆ 5 ನ್ಯಾನೊಗ್ರಾಂನಂತೆ 40 ನ್ಯಾನೊಗ್ರಾಂ ಡಿಎನ್‌ಎ. ಒಂದು ನ್ಯಾನೊಗ್ರಾಂನಲ್ಲಿ ಸುಮಾರು 300 ಪ್ರತಿಗಳಿರುವುದರಿಂದ ಒಟ್ಟು 12,000 ಪ್ರತಿಗಳು. ಕ್ಯಾನ್ಸರಿನ ಪಾಲು ಲಕ್ಷಕ್ಕೆ ಒಂದಾಗಿದ್ದರೆ, ಒಂದೇ ಒಂದು ರೂಪಾಂತರವನ್ನು ಹುಡುಕುವ ಪರೀಕ್ಷೆಗೆ ಆ ಟ್ಯೂಬಿನಲ್ಲಿ ಸಿಗಬೇಕಾದ ಅಣುವೇ ಬಹುತೇಕ ಇರುವುದಿಲ್ಲ. ಹದಿನಾರು ರೂಪಾಂತರಗಳನ್ನು ಹುಡುಕಿದರೆ ಸರಾಸರಿ ಎರಡು ಅಣುಗಳು, ಇನ್ನೂರನ್ನು ಹುಡುಕಿದರೆ ಇಪ್ಪತ್ನಾಲ್ಕು ಅಣುಗಳು ಸಿಗುವ ನಿರೀಕ್ಷೆಯಿರುತ್ತದೆ. ನಡುವೆ ಆಗುವ ನಷ್ಟವನ್ನು ಕಳೆದರೆ ಈ ಸಂಖ್ಯೆಗಳು ಇನ್ನಷ್ಟು ಇಳಿಯುತ್ತವೆ. ರಕ್ತ ಅರ್ಧವಾದರೆ ಎಲ್ಲವೂ ಅರ್ಧವಾಗುತ್ತವೆ.

ವರದಿಯನ್ನು ಓದುವುದು

ವರದಿಯ ಮೊದಲ ಪುಟದಲ್ಲಿ 'ಪತ್ತೆಯಾಗಿದೆ' ಅಥವಾ 'ಪತ್ತೆಯಾಗಿಲ್ಲ' ಎಂದು ದಪ್ಪಕ್ಷರದಲ್ಲಿರುತ್ತದೆ. ಅಲ್ಲಿಗೇ ನಿಲ್ಲದೆ, ಎಷ್ಟು ಡಿಎನ್‌ಎ ಸಿಕ್ಕಿತು, ಎಷ್ಟು ರೂಪಾಂತರಗಳನ್ನು ನೋಡಲಾಯಿತು, ಅವುಗಳಲ್ಲಿ ಎಷ್ಟು ಕಂಡವು, ಈ ಮಾದರಿಯಲ್ಲಿ ಎಷ್ಟು ಕಡಿಮೆ ಪ್ರಮಾಣದವರೆಗೆ ಹಿಡಿಯಬಹುದಿತ್ತು ಎಂಬುದನ್ನು ಒಳಪುಟಗಳಲ್ಲಿ ಹುಡುಕಬೇಕು. ಡಿಎನ್‌ಎ ತೀರ ಕಡಿಮೆ ಸಿಕ್ಕಿದ್ದರೆ 'ಪತ್ತೆಯಾಗಿಲ್ಲ' ಎಂಬುದನ್ನು 'ಪರೀಕ್ಷೆ ಪೂರ್ಣವಾಗಿಲ್ಲ' ಎಂದೇ ಓದಿಕೊಳ್ಳಬೇಕು.

ಎರಡು ಉತ್ತರಗಳಿಗೂ ಸಮಾನ ಬೆಲೆಯಿಲ್ಲ ಎಂಬುದು ಇಡೀ ವಿಷಯದ ತಿರುಳು. ಗಡ್ಡೆಯ ರೂಪಾಂತರಗಳನ್ನೇ ಹಿಂಬಾಲಿಸುವ ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ, ಅದರಲ್ಲೂ ಎರಡು ಬಾರಿ ಏರುತ್ತ ಬಂದರೆ, ರೋಗ ಮರಳುವ ಸಂಭವ ಬಹಳ ಹೆಚ್ಚು. ಸ್ಟ್ಯಾನ್‌ಫರ್ಡಿನ ತಂಡ 2017ರಲ್ಲಿ 40 ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ರೋಗ ಮರುಕಳಿಸಿದವರ ಪೈಕಿ ಶೇ 72ರಷ್ಟು ಜನರಲ್ಲಿ ರಕ್ತದ ಸುಳಿವು ಸ್ಕ್ಯಾನಿಗಿಂತ ಮೊದಲೇ ಸಿಕ್ಕಿತು. ಆ ಅಂತರದ ಮಧ್ಯಾಂಕ 5.2 ತಿಂಗಳು. ಒಂದೇ ಒಂದು ನೆಗೆಟಿವ್ ಉತ್ತರದ ಬೆಲೆ ಬೇರೆ. ಟ್ರೇಸರ್‌ಎಕ್ಸ್‌ನ 2023ರ ವರದಿಯಲ್ಲಿ, ಶಸ್ತ್ರಚಿಕಿತ್ಸೆಯ ನಂತರದ 120 ದಿನಗಳೊಳಗೆ ರೋಗಿಗಳ ಶೇ 25ರಷ್ಟು ಮಂದಿಯಲ್ಲಿ ಸುಳಿವು ಸಿಕ್ಕಿತು. ಮುಂದೆ ರೋಗ ಮರುಕಳಿಸಿದವರನ್ನು ಮಾತ್ರ ತೆಗೆದುಕೊಂಡರೆ ಅವರಲ್ಲಿ ಶೇ 49ರಷ್ಟು ಮಂದಿ ಆ ಅವಧಿಯಲ್ಲಿ ಸಿಕ್ಕಿಬಿದ್ದಿದ್ದರು. ಉಳಿದ ಅರ್ಧದಷ್ಟು ಮಂದಿಗೆ ಆಗ ಸಿಕ್ಕ ಉತ್ತರ 'ಪತ್ತೆಯಾಗಿಲ್ಲ' ಎಂಬುದೇ. ಮತ್ತೆ ಮತ್ತೆ ನೋಡಿದಾಗ ಚಿತ್ರ ಬದಲಾಗುತ್ತದೆ: ಚೀನಾದ 261 ರೋಗಿಗಳ 2022ರ ಅಧ್ಯಯನದಲ್ಲಿ, ಪ್ರತಿ ಬಾರಿಯೂ ನೆಗೆಟಿವ್ ಆಗಿಯೇ ಉಳಿದವರಲ್ಲಿ ಶೇ 96.8ರಷ್ಟು ಮಂದಿಗೆ ರೋಗ ಮರಳಲಿಲ್ಲ. ಒಂದು ಸಲದ ಪರೀಕ್ಷೆಗೆ ಹಣ ಖರ್ಚುಮಾಡಿ ಅಲ್ಲಿಗೇ ಬಿಡುವುದಕ್ಕಿಂತ ಮಾಡಿಸದಿರುವುದೇ ಮೇಲೆಂದು ನಾನು ಹೇಳುವುದು ಇದಕ್ಕಾಗಿ.

ಪಾಸಿಟಿವ್ ಬಂದು ಸ್ಕ್ಯಾನ್ ಶುದ್ಧವಾಗಿದ್ದರೆ ಗಾಬರಿಯಿಂದ ಔಷಧ ಆರಂಭಿಸುವಂತಿಲ್ಲ. ಕೆಲವು ವಾರಗಳಲ್ಲಿ ಮಾದರಿಯನ್ನು ಮತ್ತೊಮ್ಮೆ ಕೊಟ್ಟು ಖಚಿತಪಡಿಸಿಕೊಳ್ಳಬೇಕು. ಎದೆ ಮತ್ತು ಹೊಟ್ಟೆಯ ಸಿಟಿ ಅಥವಾ ಪೆಟ್-ಸಿಟಿ, ಮೆದುಳಿನ ಎಂಆರ್‌ಐ ಮಾಡಿಸಬೇಕು. ಶಸ್ತ್ರಚಿಕಿತ್ಸಕರು, ಕ್ಯಾನ್ಸರ್ ವೈದ್ಯರು, ವಿಕಿರಣ ತಜ್ಞರು ಒಟ್ಟಾಗಿ ಕೂರುವ ಟ್ಯೂಮರ್ ಬೋರ್ಡಿನಲ್ಲಿ ವಿಷಯ ಚರ್ಚೆಯಾಗುವಂತೆ ಕೇಳಿಕೊಳ್ಳಬೇಕು. ಇಂತಹ ರೋಗಿಗಳಿಗಾಗಿ ನಡೆಯುತ್ತಿರುವ ಪ್ರಯೋಗಗಳಿದ್ದರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಾದ ಸಿಟಿಆರ್‌ಐ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ನಮ್ಮ ದೇಶದಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಕ್ಷಯರೋಗ ವ್ಯಾಪಕವಾಗಿರುವ ಕಡೆ ಎದೆಯ ನಡುಭಾಗದ ಗ್ರಂಥಿಗಳು ಪೆಟ್-ಸಿಟಿಯಲ್ಲಿ ಕ್ಯಾನ್ಸರಿನಂತೆಯೇ ಹೊಳೆಯಬಹುದು. ರಕ್ತದ ಪಾಸಿಟಿವ್ ವರದಿಯನ್ನೂ ಹೊಳೆಯುವ ಗ್ರಂಥಿಯನ್ನೂ ಕೂಡಿಸಿ ಕ್ಯಾನ್ಸರ್ ಮರಳಿತೆಂದು ತೀರ್ಮಾನಿಸುವ ಮೊದಲು, ಶ್ವಾಸನಾಳದ ಮೂಲಕ ಅಲ್ಟ್ರಾಸೌಂಡ್ ನೆರವಿನಿಂದ ಸೂಜಿ ಹಾಕಿ ತೆಗೆಯುವ ಈಬಸ್ ಬಯಾಪ್ಸಿಯಿಂದ ಅದನ್ನು ಪರೀಕ್ಷಿಸಬೇಕು.

ನೆಗೆಟಿವ್ ಬಂದವರು ಸ್ಕ್ಯಾನನ್ನು ಬಿಡುವಂತಿಲ್ಲ. ಮೊದಲ ಎರಡು ಮೂರು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸಿಟಿ ನಡೆಯಲೇಬೇಕು. ಅಣುಪರೀಕ್ಷೆ ಮಾಡಿಸದವರಿಗೂ ಇದೇ ಕ್ರಮ. ಮೆದುಳಿನಲ್ಲಿ ಮಾತ್ರ ಮರುಕಳಿಸಿದ ರೋಗ ಈ ರಕ್ತಪರೀಕ್ಷೆಗೆ ಸಿಗದೆ ತಪ್ಪಿಸಿಕೊಳ್ಳುವುದು ಹೆಚ್ಚು, ಏಕೆಂದರೆ ಮೆದುಳನ್ನು ರಕ್ತದಿಂದ ಬೇರ್ಪಡಿಸುವ ತಡೆ ಡಿಎನ್‌ಎ ತುಣುಕುಗಳನ್ನೂ ತಡೆಹಿಡಿಯುತ್ತದೆ. ಚೀನಾದ ಅಧ್ಯಯನದಲ್ಲೂ ಇದೇ ಕಂಡುಬಂತು. ಹೊಸದಾಗಿ ಶುರುವಾದ ತಲೆನೋವು, ಬೆಳಗಿನ ವಾಂತಿ, ಮಾತಿನ ತೊದಲು, ಕೈಕಾಲಿನ ನಿಶ್ಶಕ್ತಿ, ಅಪಸ್ಮಾರ ಇವುಗಳಲ್ಲಿ ಯಾವುದೇ ಕಂಡರೂ, ಹಿಂದಿನ ವರದಿ ಏನೇ ಹೇಳಿದ್ದರೂ, ಮುಂದಿನ ರಕ್ತಪರೀಕ್ಷೆಯ ದಿನಾಂಕಕ್ಕೆ ಕಾಯದೆ ವೈದ್ಯರನ್ನು ಕಂಡು ಮೆದುಳಿನ ಎಂಆರ್‌ಐ ಮಾಡಿಸಬೇಕು.